ಕರುಳಿನ ಋಣ

ಕನ್ನಡ ನುಡಿಯಲ್ಲಿ 'ಕರುಳು' ಎಂಬ ಪದಕ್ಕೆ ಎರಡು ಅರ್ಥಗಳಿವೆ. ಉಂಡ ಅನ್ನವನ್ನು ಅರಗಿಸಿ ರಕ್ತಕ್ಕೆ ಒಪ್ಪಿಸುವ ಅಂಗ ಒಂದು. ಮತ್ತೊಬ್ಬರ ನೋವನ್ನು ಕಂಡು ಮರುಗುವ ಅಂತಃಕರಣ ಇನ್ನೊಂದು. ಮಗುವನ್ನು 'ಕರುಳಿನ ಕುಡಿ' ಎಂದು ಕರೆಯುವ ಜನ, ಮಗುವಿಗೆ ನೋವಾದಾಗ 'ಕರುಳು ಕಿತ್ತು ಬಂದಂತಾಯಿತು' ಎನ್ನುತ್ತಾರೆ. ದೇಹದ ಭಾಗವೊಂದರ ಹೆಸರೇ ಕರುಣೆಯ ಹೆಸರೂ ಆಗಿರುವುದು ಆಕಸ್ಮಿಕವಿರಲಾರದು. ವೈದ್ಯವಿಜ್ಞಾನದ ಚರಿತ್ರೆಯಲ್ಲಿ ಈ ಎರಡು ಅರ್ಥಗಳೂ ಒಬ್ಬನೇ ವ್ಯಕ್ತಿಯ ಬಾಳಿನಲ್ಲಿ ಕೂಡಿಕೊಂಡ ನಿದರ್ಶನವೊಂದುಂಟು. ಆ ವ್ಯಕ್ತಿ ಯಲ್ಲಾಪ್ರಗಡ ಸುಬ್ಬರಾವ್.

ಸುಬ್ಬರಾವ್ ಅವರು 1895ರ ಜನವರಿ 12ರಂದು ಅಂದಿನ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಭೀಮಾವರದಲ್ಲಿ ಜನಿಸಿದರು. ಬಡತನದ ಮನೆ, ತಂದೆ ಬೇಗನೆ ತೀರಿಕೊಂಡರು. ಮುಂದೆ ಅವರ ಇಬ್ಬರು ಸೋದರರು ಕೆಲವೇ ದಿನಗಳ ಅಂತರದಲ್ಲಿ ಒಂದೇ ರೋಗಕ್ಕೆ ಬಲಿಯಾದರು. ಆ ರೋಗದ ಹೆಸರು 'ಸ್ಪ್ರೂ'. ಬಾಯಿ ಮತ್ತು ನಾಲಗೆ ಹುಣ್ಣಾಗುವುದು, ಭೇದಿ ನಿಲ್ಲದಿರುವುದು, ಉಂಡದ್ದು ಮೈಗೆ ಹತ್ತದಿರುವುದು, ರಕ್ತ ತೆಳುವಾಗಿ ದೇಹ ಸೊರಗುವುದು ಅದರ ಲಕ್ಷಣಗಳು. ಎದುರಿಗೆ ಅನ್ನವಿದ್ದೂ ಹಸಿವಿನಿಂದ ಸಾಯುವ ಸಾವು ಅದು. ಉಷ್ಣವಲಯದ ನಾಡುಗಳಲ್ಲಿ, ಅದರಲ್ಲೂ ದಕ್ಷಿಣ ಭಾರತದಲ್ಲಿ, ಈ ಕರುಳುಬೇನೆ ಬಹುಕಾಲ ಜನರನ್ನು ಕಾಡಿತು. ಸುಬ್ಬರಾವ್ ಅವರಿಗೂ ಅದು ತಗುಲಿತು. ಮದ್ರಾಸಿನ ಆಯುರ್ವೇದ ವೈದ್ಯ ಡಾ. ಆಚಂಟ ಲಕ್ಷ್ಮೀಪತಿಯವರ ಚಿಕಿತ್ಸೆಯಿಂದ ಅವರು ಬದುಕಿ ಉಳಿದರು. ಒಡಹುಟ್ಟಿದವರು ಹೋಗಿ ತಾನೊಬ್ಬನೇ ಉಳಿದಾಗ ಮನುಷ್ಯನಿಗೆ ತನ್ನ ಉಳಿವೇ ಒಂದು ಸಾಲವಾಗಿ ತೋರುವುದುಂಟು. ಸುಬ್ಬರಾವ್ ಆ ಸಾಲವನ್ನು ತೀರಿಸಲು ಹೊರಟ ಬಗೆ ವಿಚಾರಣೀಯವಾದುದು.

ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದಾಗ ಗಾಂಧೀಜಿಯವರ ಕರೆಗೆ ಓಗೊಟ್ಟು ಅವರು ಖಾದಿಯನ್ನು ಧರಿಸಿದರು. ಇದು ಶಸ್ತ್ರವೈದ್ಯದ ಆಂಗ್ಲ ಪ್ರಾಧ್ಯಾಪಕರಿಗೆ ಸರಿಬೀಳಲಿಲ್ಲ. ಪೂರ್ಣ ಪದವಿಗೆ ಬದಲಾಗಿ ಅದಕ್ಕಿಂತ ಕೆಳದರ್ಜೆಯ ಎಲ್.ಎಂ.ಎಸ್. ಪತ್ರವಷ್ಟೇ ಅವರ ಕೈಸೇರಿತು. ಅವರು ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿ ಅಧ್ಯಾಪಕರಾಗಿ ದುಡಿದರು. 1922ರ ಅಕ್ಟೋಬರ್‌ನಲ್ಲಿ, ಉಷ್ಣವಲಯದ ರೋಗಗಳನ್ನು ಅಭ್ಯಾಸಮಾಡಲೆಂದು, ಮಾವನವರು ಒದಗಿಸಿದ ಹಣದ ನೆರವಿನಿಂದ ಅಮೆರಿಕದ ಬಾಸ್ಟನ್ ನಗರವನ್ನು ಸೇರಿದರು. ಹಗಲು ಹಾರ್ವರ್ಡ್‌ನಲ್ಲಿ ಓದು, ರಾತ್ರಿ ಆಸ್ಪತ್ರೆಯೊಂದರಲ್ಲಿ ಕೆಳದರ್ಜೆಯ ಚಾಕರಿ. ಗರ್ಭಿಣಿಯಾಗಿದ್ದ ಪತ್ನಿ ಊರಿನಲ್ಲಿಯೇ ಉಳಿದರು. ಹುಟ್ಟಿದ ಗಂಡುಮಗು ಶೈಶವದಲ್ಲೇ ತೀರಿಕೊಂಡಿತು; ತಂದೆ ಅದರ ಮುಖವನ್ನು ನೋಡಲಿಲ್ಲ. ಅವರು ಮತ್ತೆಂದೂ ತಾಯ್ನಾಡಿಗೆ ಮರಳಲಿಲ್ಲ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಮಹನೀಯರ ಚರಿತ್ರೆಯನ್ನು ಬರೆಯುವಾಗ ಇಂತಹ ಸಂಗತಿಗಳನ್ನು ಒಂದು ಸಾಲಿನಲ್ಲಿ ದಾಟಿಬಿಡುವುದು ರೂಢಿ. ಆದರೆ ದೂರದ ಲಕ್ಷಾಂತರ ಮಕ್ಕಳಿಗೆ ಒದಗಿದ ವ್ಯಕ್ತಿ ತನ್ನ ಮನೆಯ ಒಂದು ತೊಟ್ಟಿಲಿಗೆ ಒದಗಲಿಲ್ಲವೆಂಬುದು ನಿಜ. ಆ ವಿರಹವನ್ನು ಬಾಳಿನುದ್ದಕ್ಕೂ ಅನುಭವಿಸಿದ ಹೆಣ್ಣುಮಗಳ ಸಮ್ಮತಿಯನ್ನು ಕೇಳಿದವರಾರೂ ಇದ್ದಂತಿಲ್ಲ. ಲೋಕಕಲ್ಯಾಣದ ಲೆಕ್ಕದಲ್ಲಿ ಈ ಋಣವೂ ಸೇರಬೇಕು. ಸೇರಿಸಿದರೆ ಸುಬ್ಬರಾವ್ ಅವರ ಹಿರಿಮೆ ಕುಗ್ಗುವುದಿಲ್ಲ. ಅದರ ಬೆಲೆ ಎಷ್ಟೆಂಬುದು ತಿಳಿಯುತ್ತದೆ.

ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆಯವರ ಜೊತೆಗೂಡಿ ಅವರು ದೇಹದ್ರವಗಳಲ್ಲಿನ ರಂಜಕವನ್ನು ಅಳೆಯುವ ವಿಧಾನವನ್ನು 1925ರಲ್ಲಿ ಪ್ರಕಟಿಸಿದರು. 'ಫಿಸ್ಕೆ-ಸುಬ್ಬರಾವ್ ವಿಧಾನ' ಎಂದೇ ಅದು ಪ್ರಸಿದ್ಧವಾಯಿತು. ಸ್ನಾಯುಗಳಿಗೆ ಶಕ್ತಿಯನ್ನು ಒದಗಿಸುವ ಫಾಸ್ಫೋಕ್ರಿಯಾಟಿನ್ ಮತ್ತು ಎ.ಟಿ.ಪಿ. ಎಂಬ ವಸ್ತುಗಳ ಬಗೆಗಿನ ಅವರ ಕೆಲಸ ಜೀವರಸಾಯನದ ಬುನಾದಿಗೆ ಸೇರಿದುದು. ಆದಾಗ್ಯೂ ಅಲ್ಲಿ ಅವರಿಗೆ ಕಾಯಂ ಹುದ್ದೆ ದೊರೆಯಲಿಲ್ಲ. 1940ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಪ್ರಯೋಗಾಲಯವನ್ನು ಸೇರಿ, ಮುಂದೆ ಅಲ್ಲಿನ ಸಂಶೋಧನಾ ವಿಭಾಗದ ನಿರ್ದೇಶಕರಾದರು.

ಆ ಹೊತ್ತಿಗೆ ಕರುಳುಬೇನೆಯ ರಹಸ್ಯದ ಒಂದು ಎಳೆ ಭಾರತದಲ್ಲಿಯೇ ಸಿಕ್ಕಿತ್ತು. ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ ಅವರು ಮುಂಬಯಿಯ ಬಟ್ಟೆಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಾಸಮಾಡಿ, ಯೀಸ್ಟ್‌ನ ಸಾರದಿಂದ ಅದು ವಾಸಿಯಾಗುವುದೆಂದು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ಅಜ್ಞಾತ ಸತ್ವವನ್ನೇ 1941ರಲ್ಲಿ ಅಮೆರಿಕದ ಟೆಕ್ಸಾಸ್‌ನ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಸಂಗ್ರಹಿಸಿ, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ 'ಫೋಲಿಕ್ ಆಮ್ಲ' ಎಂದು ಹೆಸರಿಟ್ಟರು. ಇದನ್ನು ರಾಸಾಯನಿಕವಾಗಿ ತಯಾರಿಸುವ ಕಾರ್ಯವನ್ನು ಸುಬ್ಬರಾವ್ ಅವರ ತಂಡ ಕೈಗೊಂಡಿತು. 1945ರಲ್ಲಿ ಪ್ರಕಟವಾದ ಆ ಲೇಖನದಲ್ಲಿ ಹದಿನಾರು ಹೆಸರುಗಳಿವೆ. ಅವುಗಳ ನಡುವೆ ಎಲ್ಲೋ ಒಂದು ಕಡೆ ನಿರ್ದೇಶಕರ ಹೆಸರೂ ಇದೆ. ಮರುವರ್ಷವೇ ವೈದ್ಯ ಟಾಮ್ ಸ್ಪೈಸ್ ಅವರು ಕ್ಯೂಬಾ ದ್ವೀಪದಲ್ಲಿ ಸ್ಪ್ರೂ ರೋಗಿಗಳಿಗೆ ಫೋಲಿಕ್ ಆಮ್ಲವನ್ನು ಕೊಟ್ಟು ಅವರ ರಕ್ತ ಮರಳಿ ತುಂಬಿಕೊಳ್ಳುವುದನ್ನು ಕಂಡರು. 1948ರಲ್ಲಿ ಅದೇ ಲೆಡರ್ಲೆಯಿಂದ ಬೆಂಜಮಿನ್ ಡಗ್ಗರ್ ಅವರು ಕಂಡುಹಿಡಿದ ಆರಿಯೊಮೈಸಿನ್ ಹೊರಬಂದಿತು. ಟೆಟ್ರಾಸೈಕ್ಲಿನ್ ವರ್ಗದ ಮೊದಲ ಔಷಧ ಅದು. ಉಷ್ಣವಲಯದ ಸ್ಪ್ರೂ ರೋಗಕ್ಕೆ ಇಂದಿಗೂ ಕೊಡುವುದು ಫೋಲಿಕ್ ಆಮ್ಲ ಹಾಗೂ ಟೆಟ್ರಾಸೈಕ್ಲಿನ್‌ಗಳನ್ನೇ. ಸೋದರರನ್ನು ಕೊಂದ ರೋಗಕ್ಕೆ ಬೇಕಾದ ಎರಡು ಮದ್ದುಗಳೂ ಅವರು ನಡೆಸಿದ ಮನೆಯಿಂದಲೇ ಬಂದುವು.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಋಣ ತೀರಿದ ಕಥೆಯಾಗುತ್ತಿತ್ತು. ಆದರೆ ಈ ಎಲೆಯ ಸತ್ವಕ್ಕೆ ಇನ್ನೊಂದು ಮುಖವಿತ್ತು. ದೇಹದಲ್ಲಿ ಹೊಸ ಜೀವಕೋಶಗಳು ಹುಟ್ಟಬೇಕಾದರೆ ಅವುಗಳ ವಂಶದ್ರವ್ಯವನ್ನು ಕಟ್ಟಲು ಫೋಲಿಕ್ ಆಮ್ಲ ಬೇಕು. ಎಲ್ಲಿ ಕೋಶಗಳು ಬೇಗಬೇಗನೆ ಹುಟ್ಟುತ್ತವೆಯೋ ಅಲ್ಲಿ ಅದರ ಬೇಡಿಕೆ ಹೆಚ್ಚು. ಕರುಳಿನ ಒಳಪೊರೆ ಅಂತಹ ಸ್ಥಳ. ಎಲುಬಿನ ಮಜ್ಜೆ ಅಂತಹ ಸ್ಥಳ. ರಕ್ತದ ಕ್ಯಾನ್ಸರ್ ಹತ್ತಿದ ಮಗುವಿನ ಮಜ್ಜೆಯಂತೂ ನಿಯಮ ಮೀರಿದ ಅಂತಹ ಸ್ಥಳ.

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ರೋಗವಿಜ್ಞಾನಿ ಇದ್ದರು. ಆ ಕಾಲದಲ್ಲಿ ತೀವ್ರ ಲ್ಯುಕೇಮಿಯ ಹತ್ತಿದ ಮಗು ವಾರಗಳಲ್ಲೋ ತಿಂಗಳುಗಳಲ್ಲೋ ಸಾಯುವುದು ನಿಶ್ಚಿತವಾಗಿತ್ತು. ಫೋಲಿಕ್ ವರ್ಗದ ವಸ್ತುವಿನಿಂದ ಇಲಿಗಳಲ್ಲಿ ಗೆಡ್ಡೆಗಳು ಕರಗಿದವೆಂಬ ವರದಿಯೊಂದು ಬಂದಿದ್ದ ದಿನಗಳು ಅವು. ಫಾರ್ಬರ್ ಅವರು ಲೆಡರ್ಲೆಯಿಂದ ಫೋಲಿಕ್ ಆಮ್ಲದ ಸಂಯುಕ್ತಗಳನ್ನು ತರಿಸಿ ಕೆಲವು ಮಕ್ಕಳಿಗೆ ಕೊಟ್ಟರು. ಪರಿಣಾಮ ವಿಪರೀತವಾಯಿತು. ಆ ಮಕ್ಕಳ ಮಜ್ಜೆಯಲ್ಲಿ ರೋಗ ಕುಗ್ಗುವ ಬದಲು ವೇಗವನ್ನು ಪಡೆದಂತೆ ಕಂಡಿತು. ಸೊರಗಿದ ಕರುಳಿಗೆ ಅಮೃತವಾದದ್ದು ಕೆಟ್ಟ ಮಜ್ಜೆಗೆ ಗೊಬ್ಬರವಾಯಿತು.

ಫಾರ್ಬರ್ ಈ ವಿಫಲತೆಯನ್ನು ಬಚ್ಚಿಡಲಿಲ್ಲ. ಅದನ್ನೇ ಪ್ರಶ್ನೆಯಾಗಿ ತಿರುಗಿಸಿದರು. ಕೊಟ್ಟರೆ ರೋಗ ಬೆಳೆಯುವುದಾದರೆ, ತಡೆದರೆ ಕುಗ್ಗಬಹುದಲ್ಲವೆ? ಸುಬ್ಬರಾವ್ ಅವರ ತಂಡ ಫೋಲಿಕ್ ಆಮ್ಲವನ್ನೇ ಹೋಲುವ, ಆದರೆ ಅದರ ಕೆಲಸವನ್ನು ಮಾಡದ ಪ್ರತಿರೂಪಗಳನ್ನು ತಯಾರಿಸಿತ್ತು. ಬೀಗದೊಳಗೆ ಹೊಕ್ಕು ತಿರುಗದೆ ಸಿಕ್ಕಿಕೊಳ್ಳುವ ಕಳ್ಳಬೀಗದ ಕೈಯಂತೆ ಅವು. ಅವುಗಳಲ್ಲೊಂದಾದ ಅಮಿನೊಪ್ಟೆರಿನ್ ಅನ್ನು 1947ರ ಕೊನೆಯಲ್ಲಿ ಮಕ್ಕಳಿಗೆ ಕೊಡತೊಡಗಿದರು. 1948ರ ಜೂನ್ 3ರಂದು ವರದಿ ಪ್ರಕಟವಾಯಿತು. ಚಿಕಿತ್ಸೆ ಪಡೆದ ಮಕ್ಕಳು 16. ಅವರಲ್ಲಿ ಅನೇಕರು ಆಗಲೇ ಸಾವಿನ ಅಂಚಿನಲ್ಲಿದ್ದವರು. ಮಹತ್ವದ ಸುಧಾರಣೆ ಕಂಡದ್ದು 10 ಮಕ್ಕಳಲ್ಲಿ.

ಆ ವರದಿಯ ಶೀರ್ಷಿಕೆಯ ಮೊದಲ ಪದವೇ 'ತಾತ್ಕಾಲಿಕ' ಎಂಬುದು. ತಾತ್ಕಾಲಿಕ ಉಪಶಮನವೆಂದೇ ಅವರು ಹೇಳಿದರು, ಗುಣವಾಯಿತೆಂದು ಹೇಳಲಿಲ್ಲ. ಸಾಯುವ ಮಗು ಎದ್ದು ಆಡುವುದನ್ನು ಕಣ್ಣಾರೆ ಕಂಡವನಿಗೆ, ಅದುವರೆಗೆ ಲೋಕದಲ್ಲಿ ಯಾರೂ ಕಾಣದ್ದನ್ನು ಕಂಡವನಿಗೆ, ಆ ಪದವನ್ನು ಬರೆಯುವುದು ಸುಲಭವಿದ್ದಿರಲಾರದು. ಸತ್ಯವೆಂಬುದು ಸುಳ್ಳಾಡದಿರುವುದಷ್ಟೇ ಅಲ್ಲ. ಆಸೆಗೆ ಅಳತೆ ಹಾಕುವುದೂ ಸತ್ಯವೇ. ಆ ಮಕ್ಕಳಲ್ಲಿ ರೋಗ ಮರುಕಳಿಸಿತು. ವರದಿ ಬಂದ ಎರಡು ತಿಂಗಳಲ್ಲಿ, 1948ರ ಆಗಸ್ಟ್‌ನಲ್ಲಿ, ಸುಬ್ಬರಾವ್ ಅವರೂ ತಮ್ಮ 53ನೆಯ ವಯಸ್ಸಿನಲ್ಲಿ ನಿಧನರಾದರು. ಅಮಿನೊಪ್ಟೆರಿನ್‌ನ ಸೋದರ ಔಷಧವಾದ ಮೆಥೋಟ್ರೆಕ್ಸೇಟ್ ಮುಂದೆ ಅದರ ಸ್ಥಾನವನ್ನು ಪಡೆದು ಲೋಕವನ್ನೆಲ್ಲ ಸುತ್ತಿದ್ದನ್ನು ನೋಡಲು ಅವರು ಇರಲಿಲ್ಲ.

ಹಾಗಾದರೆ ಮೊದಲು ಫೋಲಿಕ್ ಸಂಯುಕ್ತಗಳನ್ನು ಪಡೆದು ಬೇಗನೆ ಹೋದ ಮಕ್ಕಳ ಗತಿಯೇನು? ಅವರಿಂದ ಕಲಿತ ಪಾಠ ಬೇರೆ ಮಕ್ಕಳಿಗೆ ಉಪಕಾರವಾಯಿತು, ಅವರಿಗಾಗಲಿಲ್ಲ. ಹೇಗೂ ಸಾಯುತ್ತಿದ್ದರೆಂಬ ಮಾತು ಸಮಾಧಾನವೇ ಹೊರತು ಸಮರ್ಥನೆಯಲ್ಲ. ಶಾಂತವಾಗಿ ಕಣ್ಣುಮುಚ್ಚಲು ಆ ಮಕ್ಕಳನ್ನು ಬಿಡಬೇಕೆಂದು ವಾದಿಸಿದ ವೈದ್ಯರೂ ಅಂದು ಇದ್ದರು, ಅವರೂ ನಿಷ್ಕರುಣಿಗಳಲ್ಲ. ಕರುಣೆ ಒಂದೇ ದಾರಿಯನ್ನು ತೋರುವುದಿಲ್ಲವೆಂಬುದೇ ಇಂತಹ ಸಂದರ್ಭದ ಕಷ್ಟ. ಮನುಷ್ಯನ ಮೇಲೆ ನಡೆಸುವ ಪ್ರಯೋಗಕ್ಕೆ ಅವನ ಸ್ವಂತ ಸಮ್ಮತಿ ಅತ್ಯಗತ್ಯವೆಂದು ನ್ಯೂರೆಂಬರ್ಗ್ ಸಂಹಿತೆ ಸಾರಿದ್ದು ಅದೇ 1947ರಲ್ಲಿ. ಆದರೆ ಎರಡು ವರ್ಷದ ಮಗು ಏನನ್ನು ಸಮ್ಮತಿಸೀತು? ಲೋಕ ಈ ಪ್ರಶ್ನೆಗೆ ನಿಧಾನವಾಗಿ ಉತ್ತರವನ್ನು ಹುಡುಕಿತು. 1964ರ ಹೆಲ್ಸಿಂಕಿ ಘೋಷಣೆ ಬಂದಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಸಂಶೋಧನೆಗೆ ಒಳಪಡುವ ಮಗುವಿನ ತಂದೆತಾಯಿಗಳ ಲಿಖಿತ ಒಪ್ಪಿಗೆಯಷ್ಟೇ ಸಾಲದು. ಏಳು ವರ್ಷ ತುಂಬಿದ ಮಗುವಿಗೆ ಅದಕ್ಕೆ ಅರ್ಥವಾಗುವ ಮಾತಿನಲ್ಲಿ ತಿಳಿಸಿ, ಅದರ ಸಮ್ಮತಿಯನ್ನೂ ಕೇಳಬೇಕು. ಆ ಹಳೆಯ ವಾರ್ಡಿನ ಹೆಸರಿಲ್ಲದ ಮಕ್ಕಳಿಗೆ ಸಲ್ಲಬೇಕಾದ ಋಣದ ಒಂದು ಕಂತು ಇದು.

ಋಣದ ಲೆಕ್ಕದಲ್ಲಿ ಇನ್ನೂ ಒಂದು ಪುಟವಿದೆ. ಅಹಿಂಸೆಯನ್ನು ವ್ರತವಾಗಿ ಉಳ್ಳವರು ಅದನ್ನು ಮಗುಚಿ ಹಾಕಲಾಗದು. ಫೋಲಿಕ್ ಸತ್ವದ ಶೋಧನೆಯಲ್ಲಿ ಸೊಪ್ಪು ಮತ್ತು ಯೀಸ್ಟ್ ಮಾತ್ರವೇ ಅಲ್ಲದೆ ಪ್ರಾಣಿಗಳ ಯಕೃತ್ತೂ ಬಳಕೆಯಾಯಿತು. ಇಲಿ, ಮಂಗಗಳು ನೋವುಂಡವು. ಇಂದು ಈ ಔಷಧಗಳು ರಾಸಾಯನಿಕವಾಗಿ ತಯಾರಾಗುತ್ತವೆಯಾದರೂ ಜ್ಞಾನ ಬಂದ ಹಾದಿ ನಿಷ್ಕಳಂಕವಾದುದಲ್ಲ. ಆ ಕಾರಣಕ್ಕೆ ನರಳುವ ಮಗುವಿಗೆ ಮದ್ದನ್ನು ನಿರಾಕರಿಸುವುದು ಮತ್ತೊಂದು ಹಿಂಸೆಯಾದೀತು. ಹಾಗೆಂದು ಹಳೆಯ ಹಿಂಸೆಯನ್ನು ಮರೆಯುವುದು ಅಪ್ರಾಮಾಣಿಕತೆಯಾದೀತು. ಉಳಿದಿರುವ ದಾರಿ, ಮುಂದಿನ ಜ್ಞಾನವಾದರೂ ಕಡಮೆ ನೋವಿನಿಂದ ಬರುವಂತೆ ಒತ್ತಾಯಿಸುವುದು. ಭಾರತದಲ್ಲಿ ಪ್ರಾಣಿಪ್ರಯೋಗದ ಮೇಲ್ವಿಚಾರಣೆಗೆ 1998ರಲ್ಲಿ ನಿಯಮಗಳು ಬಂದುವು. ಹೊಸ ಔಷಧಗಳ ಪರೀಕ್ಷೆಯಲ್ಲಿ ಪ್ರಾಣಿಗಳಿಗೆ ಬದಲಾಗಿ ಮಾನವಕೋಶಗಳನ್ನು ಆಧರಿಸಿದ ವಿಧಾನಗಳಿಗೆ 2023ರ ತಿದ್ದುಪಡಿ ಅವಕಾಶ ಕಲ್ಪಿಸಿತು. ಈ ದಿಕ್ಕಿನ ಸಂಶೋಧನೆಗೆ ಕೊಡುವ ನೆರವು ಜೀವದಯೆಯ ಕೆಲಸವೇ ಸರಿ.

ಸುಬ್ಬರಾವ್ ಅವರ ಕಾಲದಲ್ಲಿ ಹಾರ್ವರ್ಡ್‌ನ ಅದೇ ಪ್ರಯೋಗಾಲಯದಲ್ಲಿ ಜಾರ್ಜ್ ಹಿಚಿಂಗ್ಸ್ ಎಂಬ ಯುವಕ ಕಲಿಯುತ್ತಿದ್ದರು. ಮುಂದೆ ಅವರ ಜೊತೆಗೆ 1944ರಲ್ಲಿ ಕೆಲಸಕ್ಕೆ ಸೇರಿದವರು ಗರ್ಟ್ರೂಡ್ ಎಲಿಯನ್. ಆಕೆ ಹದಿನೈದರ ಹುಡುಗಿಯಾಗಿದ್ದಾಗ ಪ್ರೀತಿಯ ಅಜ್ಜ ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡುದನ್ನು ಕಂಡು ರಸಾಯನಶಾಸ್ತ್ರವನ್ನು ಆರಿಸಿಕೊಂಡವರು. ಇವರಿಬ್ಬರು ರೂಪಿಸಿದ ಮರ್ಕಾಪ್ಟೊಪ್ಯೂರಿನ್ 1953ರಲ್ಲಿ ಲ್ಯುಕೇಮಿಯ ಮಕ್ಕಳ ಚಿಕಿತ್ಸೆಗೆ ಅನುಮತಿ ಪಡೆಯಿತು. 1988ರಲ್ಲಿ ಇಬ್ಬರೂ ನೊಬೆಲ್ ಪುರಸ್ಕಾರದಲ್ಲಿ ಪಾಲು ಪಡೆದರು. ಒಂದೊಂದೇ ಮದ್ದು ತಾತ್ಕಾಲಿಕವಾದರೂ ಹಲವನ್ನು ಕೂಡಿಸಿ ದೀರ್ಘಕಾಲ ಕೊಟ್ಟರೆ ರೋಗ ಮರಳದಿರಬಹುದೆಂದು 1960ರ ದಶಕದ ವೈದ್ಯರು ತೋರಿಸಿದರು. ಇಂದು ಅನುಕೂಲವುಳ್ಳ ದೇಶಗಳಲ್ಲಿ ಮಕ್ಕಳ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯದಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಕ್ಕಳು ಐದು ವರ್ಷಗಳನ್ನು ದಾಟಿ ಬದುಕುತ್ತಾರೆ. 'ತಾತ್ಕಾಲಿಕ' ಎಂಬ ಪದವನ್ನು ಅಳಿಸಲು ಹಲವು ದಶಕಗಳೇ ಹಿಡಿದವು.

ಆಶ್ಚರ್ಯವೆಂದರೆ ಈ ವಿದ್ಯೆ ಮತ್ತೆ ಕರುಳಿಗೇ ಮರಳಿತು. ಕ್ರೋನ್ಸ್ ಎಂಬ ಕರುಳಿನ ಉರಿಯೂತದಲ್ಲಿ ದೇಹದ ರಕ್ಷಣಾಕೋಶಗಳೇ ಕರುಳನ್ನು ಪೀಡಿಸುತ್ತವೆ. ಲ್ಯುಕೇಮಿಯ ಮಕ್ಕಳ ಮದ್ದಾದ ಮರ್ಕಾಪ್ಟೊಪ್ಯೂರಿನ್ ಈ ರೋಗಕ್ಕೆ ಉಪಯುಕ್ತವೆಂದು 1980ರಲ್ಲಿಯೂ, ಮೆಥೋಟ್ರೆಕ್ಸೇಟ್ ಉಪಯುಕ್ತವೆಂದು 1995ರಲ್ಲಿಯೂ ಪ್ರಕಟವಾಯಿತು. ಸುಬ್ಬರಾವ್ ಅವರ ಜನ್ಮಶತಾಬ್ದಿಯೂ ಅದೇ 1995. ಭಾರತ ಸರ್ಕಾರ ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಆ ವರ್ಷವೇ ಹೊರತಂದಿತು. 2014ರಲ್ಲಿ ಉಪಕಾರ ತಿರುಗುಮುಖವಾಯಿತು. ಮರ್ಕಾಪ್ಟೊಪ್ಯೂರಿನ್ ವರ್ಗದ ಔಷಧ ಕೆಲವರ ಬಿಳಿರಕ್ತಕಣಗಳನ್ನು ಅಪಾಯಕರವಾಗಿ ತಗ್ಗಿಸುವುದಕ್ಕೆ ಕಾರಣವಾದ ಜೀನ್ ವ್ಯತ್ಯಾಸವೊಂದನ್ನು ಕೊರಿಯ ದೇಶದ ಸಂಶೋಧಕರು ಕರುಳಿನ ರೋಗಿಗಳಲ್ಲಿ ಗುರುತಿಸಿದರು. ಮರುವರ್ಷ ಅದೇ ವ್ಯತ್ಯಾಸ ಲ್ಯುಕೇಮಿಯ ಮಕ್ಕಳಲ್ಲಿಯೂ ಅಪಾಯವೆಂದು ತಿಳಿದುಬಂದಿತು. ಏಷ್ಯಾದ ಜನರಲ್ಲಿ ಇದು ಹೆಚ್ಚಾಗಿ ಕಂಡುಬರುವುದರಿಂದ ಭಾರತದ ಮಕ್ಕಳಿಗೂ ಸರಿಯಾದ ಪ್ರಮಾಣವನ್ನು ನಿರ್ಧರಿಸಲು ಆ ತಿಳಿವಳಿಕೆ ನೆರವಾಗುತ್ತಿದೆ. ಕರುಳಿನ ರೋಗಿಯ ನೋವು ಮಗುವಿನ ಮಜ್ಜೆಯನ್ನು ಕಾಯಿತು.

ಈ ಮದ್ದುಗಳು ಸೌಮ್ಯವಾದುವಲ್ಲ. ಮೆಥೋಟ್ರೆಕ್ಸೇಟ್ ಪಡೆಯುವ ಮಗುವಿನ ಬಾಯಿ ಹುಣ್ಣಾಗುವುದುಂಟು; ಕರುಳಿನ ಪೊರೆ ಸವೆದು ಭೇದಿಯಾಗುವುದುಂಟು; ಊಟ ಸೇರದಿರುವುದುಂಟು. ಅಂದು ಸೋದರರು ಅನುಭವಿಸಿದ ಯಾತನೆಯ ಛಾಯೆಯೇ ಅದು. ಒಂದೇ ಸತ್ವದ ಅಭಾವದಿಂದ ಬಂದದ್ದು. ವ್ಯತ್ಯಾಸವಿಷ್ಟೆ: ಅಂದು ಅದು ಸಾವಿನ ಕಡೆಗಿನ ದಾರಿಯಾಗಿತ್ತು, ಇಂದು ಅದು ಬದುಕಿನ ಕಡೆಗಿನ ದಾರಿಯಾಗಿದೆ. ಅತಿಹೆಚ್ಚು ಪ್ರಮಾಣದಲ್ಲಿ ಆ ಮದ್ದನ್ನು ಕೊಟ್ಟಾಗ, ಅದರ ಬೆನ್ನಿಗೇ ಫೋಲಿಕ್ ಬಳಗದ ಫೋಲಿನಿಕ್ ಆಮ್ಲವನ್ನು ಕೊಟ್ಟು ಮಗುವನ್ನು ಕಾಪಾಡುತ್ತಾರೆ. ತಡೆಯುವುದು ಎಷ್ಟು, ಕೊಡುವುದು ಎಷ್ಟು ಎಂಬ ವಿವೇಕದಲ್ಲಿಯೇ ಚಿಕಿತ್ಸೆಯೆಲ್ಲ ಅಡಗಿದೆ.

ಹೀಗಾಗಿ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯಬೇಕಾಗುತ್ತದೆ. ಮೊದಲ ಕೆಲವು ವಾರಗಳಲ್ಲೇ ಮಗುವಿನ ಮುಖ ಕಳೆಗೂಡುತ್ತದೆ. ಹಳ್ಳಿಯಿಂದ ಬಂದ ತಂದೆತಾಯಿಗಳು ಆಗ 'ಮಗು ಹುಷಾರಾಯಿತು' ಎಂದು ಗಂಟು ಕಟ್ಟುತ್ತಾರೆ. ಸಾಲ ಬೆಳೆದಿರುತ್ತದೆ, ಹೊಲ ಬೀಳುಬಿದ್ದಿರುತ್ತದೆ, ಮನೆಯಲ್ಲಿ ಉಳಿದ ಮಕ್ಕಳು ಕಾಯುತ್ತಿರುತ್ತಾರೆ, ನಗರದಲ್ಲಿ ತಂಗಲು ನೆಲೆಯಿರುವುದಿಲ್ಲ. ಅವರದು ಅಜ್ಞಾನವೆಂದು ಜರೆಯುವುದು ಸುಲಭ. ಆದರೆ 1948ರ ಆ ಶೀರ್ಷಿಕೆಯ ಮೊದಲ ಪದವನ್ನು ಅವರಿಗೆ ಕನ್ನಡದಲ್ಲಿ, ತಾಳ್ಮೆಯಿಂದ, ಕೈಹಿಡಿದು ವಿವರಿಸಿದವರು ಯಾರು? ಕಣ್ಣಿಗೆ ಕಾಣದೆ ಉಳಿದ ರೋಗದ ಬೀಜ ಅರ್ಧಕ್ಕೆ ನಿಂತ ಚಿಕಿತ್ಸೆಯ ನಂತರ ಮರಳಿ ಮೊಳೆಯುತ್ತದೆ. ಔಷಧ ಸಿಗದೆ ಸಾಯುವ ಮಕ್ಕಳಿರುವಂತೆ, ಔಷಧ ಸಿಕ್ಕಿಯೂ ಒಂದು ಕೋಣೆ, ಎರಡು ಹೊತ್ತಿನ ಊಟ, ಬಸ್ಸಿನ ಚಾರ್ಜು ಸಿಗದೆ ಸಾಯುವ ಮಕ್ಕಳೂ ಈ ನಾಡಿನಲ್ಲಿದ್ದಾರೆ.

ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಗಳಂತಹ ಕಡೆ ಮದ್ದಿದೆ, ವಿದ್ಯೆಯಿದೆ. ಅವುಗಳ ಬಾಗಿಲಿನ ಹೊರಗೆ ಬೇಕಾದುದು ವಿಜ್ಞಾನಿಗಳಿಂದ ಬರುವಂತಹದಲ್ಲ. ಗೃಹಸ್ಥರಿಂದ, ಬಸದಿಗಳ ಧರ್ಮದರ್ಶಿ ಮಂಡಳಿಗಳಿಂದ, ಛತ್ರ ನಡೆಸಬಲ್ಲವರಿಂದ ಬರಬೇಕಾದದ್ದು. ಒಂದು ಮಗುವಿನ ಒಂದು ದಿನದ ಮದ್ದಿನ ಖರ್ಚನ್ನು ಕೊಟ್ಟವರ ಹೆಸರು ಕಲ್ಲಿನಲ್ಲಿ ಕೆತ್ತಿಸಿಕೊಳ್ಳುವಷ್ಟು ದೊಡ್ಡದಲ್ಲ. ಮೂರು ವರ್ಷ ಎಡೆಬಿಡದೆ ಕೊಡುವುದೇ ದೊಡ್ಡದು. ಅದು ಉತ್ಸಾಹದ ದಾನವಲ್ಲ, ಸಂಯಮದ ದಾನ.

ಹದಿನಾರು ಹೆಸರುಗಳ ನಡುವೆ ತನ್ನದೊಂದನ್ನು ಇಟ್ಟು ಸುಮ್ಮನಾದ ಮನುಷ್ಯ, ಹೆಸರೇ ಉಳಿಯದ ವಾರ್ಡಿನ ಮಕ್ಕಳು, ಊರಿನಲ್ಲಿ ಕಾದು ಬಾಳು ಸವೆಸಿದ ಹೆಣ್ಣುಮಗಳು, ಮುಂಬಯಿಯ ಗಿರಣಿಯ ಬಡ ಗರ್ಭಿಣಿಯರು: ಇವರಾರೂ ತಮ್ಮ ತ್ಯಾಗದ ಫಲವನ್ನು ಕಾಣಲಿಲ್ಲ. ಇಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗರ್ಭಿಣಿಯ ಅಂಗೈಗೆ ಬೀಳುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯಲ್ಲಿಯೂ, ರಾತ್ರಿ ಮಲಗುವ ಮುನ್ನ ಲ್ಯುಕೇಮಿಯದ ಮಗು ನುಂಗುವ ಸಣ್ಣ ಗುಳಿಗೆಯಲ್ಲಿಯೂ ಅವರೆಲ್ಲರ ಪಾಲು ಇದೆ. ಆ ಗುಳಿಗೆ ನಾಳೆಯೂ, ನಾಡಿದ್ದೂ, ಚಿಕಿತ್ಸೆ ಮುಗಿಯುವ ಕೊನೆಯ ದಿನದವರೆಗೂ ಆ ಮಗುವಿನ ಕೈಗೆ ಬೀಳುವಂತೆ ನೋಡಿಕೊಳ್ಳುವುದು ಬದುಕಿರುವವರ ಪಾಲಿಗೆ ಉಳಿದಿರುವ ಕರುಳಿನ ಋಣ.